ಕುದಿಸಿ ಕುಡಿಯಿರಿ ಅಂದರೆ ಸಾಲದು: ನಗರಗಳ ಆರೋಗ್ಯಾಧಿಕಾರಿಗಳಿಗೂ ನೀರಿನ ಇಂಜಿನಿಯರುಗಳಿಗೂ ಒಂದು ಬಹಿರಂಗ ಪತ್ರ

ಮಾನ್ಯರೇ,

ವಿಷಯ: ನಗರಗಳಲ್ಲಿ ಮತ್ತೆ ಮತ್ತೆ ತಲೆ ಎತ್ತುವ ರಕ್ತಭೇದಿಯ ಬಗ್ಗೆ.

ನಾನು ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಬೆಳಿಗ್ಗೆ ಬಂದ ಕೂಡಲೇ ರೋಗಿಗಳ ಮಲದ ಸ್ಯಾಂಪಲ್ ಹಚ್ಚಿ ಕೀಟಾಣು ಬೆಳೆಯಲೆಂದು ಹಿಂದಿನ ದಿನ ಇನ್‌ಕ್ಯುಬೇಟರಿನಲ್ಲಿಟ್ಟ ಪ್ಲೇಟುಗಳನ್ನು ತೆಗೆದು, ಒಂದೊಂದಾಗಿ ಬೆಳಕಿಗೆ ಹಿಡಿದು ನೋಡುತ್ತೇನೆ. ಮೆಕಾಂಕಿ ಅಗಾರ್ ಪ್ಲೇಟಿನ ಮೇಲೆ ಎಲ್ಲರ ಹೊಟ್ಟೆಯಲ್ಲೂ ಇರುವ ಇ. ಕೊಲೈ ಗುಲಾಬಿ ಚುಕ್ಕಿಗಳಾಗಿ ಬೆಳೆದಿರುತ್ತದೆ. ಅವುಗಳ ಮಧ್ಯೆ ಬಣ್ಣವೇ ಇಲ್ಲದ, ಇಬ್ಬನಿಯಂಥ ಚುಕ್ಕಿ ಕಂಡರೆ ಕೈ ಅಲ್ಲೇ ನಿಲ್ಲುತ್ತದೆ. ಅದು ರಕ್ತಭೇದಿ ತರುವ ಕೀಟಾಣು ಶಿಗೆಲ್ಲಾ ಇರಬಹುದು. ಇನ್ನೂ ನಾಲ್ಕಾರು ಪರೀಕ್ಷೆ ಆಗಬೇಕು, ಒಂದು ದಿನವಾದರೂ ಬೇಕು. ಆದರೆ ವರ್ಷಗಟ್ಟಲೆ ಪ್ಲೇಟು ನೋಡಿದವರಿಗೆ ಎದೆಯೊಳಗೆ ಆಗಲೇ ಗೊತ್ತಾಗಿರುತ್ತದೆ.

ಸೆಕೆ ಏರುವ ತಿಂಗಳುಗಳಲ್ಲಿ ಈ ಬಣ್ಣವಿಲ್ಲದ ಚುಕ್ಕಿಗಳು ಜಾಸ್ತಿಯಾಗುತ್ತವೆ. ಸ್ವಲ್ಪ ದಿನಕ್ಕೆ ನಿಮ್ಮ ಪ್ರಕಟಣೆ ಬರುತ್ತದೆ: ನೀರನ್ನು ಕುದಿಸಿ ಆರಿಸಿ ಕುಡಿಯಿರಿ. ನಗರ ಯಾವುದಾದರೂ ಇರಲಿ, ಪ್ರಕಟಣೆ ಹೆಚ್ಚುಕಮ್ಮಿ ಇದೇ. ಅದು ತಪ್ಪು ಅಂತ ನಾನು ಹೇಳುತ್ತಿಲ್ಲ. ಕುದಿಸಿದ ನೀರಿನಲ್ಲಿ ಶಿಗೆಲ್ಲಾ ಉಳಿಯುವುದಿಲ್ಲ. ಆದರೆ ಈ ರೋಗ ಹರಡುವ ದಾರಿಗಳಲ್ಲಿ ಕುಡಿಯುವ ನೀರು ಒಂದು ಮಾತ್ರ. ಇನ್ನೊಂದು ದಾರಿ ಕೈ. ಕೈ ತೊಳೆಯಲು ಬೇಕಾದಷ್ಟು ನೀರು ಯಾವ ಮನೆಗೆ ಬರುತ್ತದೆ, ಯಾವ ಮನೆಗೆ ಬರುವುದಿಲ್ಲ ಅನ್ನುವ ಲೆಕ್ಕ ರೋಗದ ಲೆಕ್ಕದ ಪಕ್ಕದಲ್ಲಿ ಇರುವುದೇ ಇಲ್ಲ. ಅದನ್ನು ಕೇಳುವುದಕ್ಕೇ ಈ ಪತ್ರ.

ಮೊದಲು ಈ ಕೀಟಾಣುವಿನ ಸ್ವಭಾವ ಹೇಳಿಬಿಡುತ್ತೇನೆ. ವೈದ್ಯರಿಗೆ ಇದು ಗೊತ್ತು. ಪೈಪು, ಪಂಪು, ಬಜೆಟ್ಟು ನೋಡುವವರಿಗೂ ಗೊತ್ತಿರಲಿ.

1897ರಲ್ಲಿ ಜಪಾನಿನಲ್ಲಿ ದೊಡ್ಡ ರಕ್ತಭೇದಿ ಪಿಡುಗು ಎದ್ದಿತ್ತು. ಬಿದ್ದವರು ಸುಮಾರು 90,000 ಮಂದಿ. ಅವರಲ್ಲಿ ಐದರಲ್ಲೊಬ್ಬರು ಸತ್ತರು. ಆಗ ಕಿಯೋಶಿ ಶಿಗಾ ಅನ್ನುವ ಯುವ ವೈದ್ಯ ರೋಗಿಗಳ ಮಲದಿಂದ ಈ ಕೀಟಾಣುವನ್ನು ಬೇರ್ಪಡಿಸಿದರು. ಶಿಗೆಲ್ಲಾ ಅನ್ನುವ ಹೆಸರು ಅವರಿಂದ ಬಂದದ್ದು. ಇದರಲ್ಲಿ ನಾಲ್ಕು ಬಗೆ: ಡಿಸೆಂಟ್ರಿಯೆ, ಫ್ಲೆಕ್ಸ್‌ನರಿ, ಬಾಯ್ಡಿ, ಸೊನ್ನೈ. ಶಿಗಾ ಕಂಡದ್ದು ಮೊದಲನೆಯದು, ಅದೇ ಎಲ್ಲಕ್ಕಿಂತ ಕ್ರೂರಿ. ಅದು ಉಗುಳುವ ವಿಷ ಮಕ್ಕಳ ಮೂತ್ರಪಿಂಡವನ್ನೇ ಕೆಡಿಸಬಲ್ಲದು. ಈಗ ಅದು ಅಪರೂಪ. ನಗರಗಳಲ್ಲಿ ನಾವು ನೋಡುವುದು ಹೆಚ್ಚಾಗಿ ಫ್ಲೆಕ್ಸ್‌ನರಿ ಮತ್ತು ಸೊನ್ನೈ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಕಾಲರಾ ಹತ್ತಬೇಕಾದರೆ ಸಾಮಾನ್ಯವಾಗಿ ಲಕ್ಷಗಟ್ಟಲೆ ಕೀಟಾಣು ಹೊಟ್ಟೆಗೆ ಹೋಗಬೇಕು. ಶಿಗೆಲ್ಲಾಗೆ 10ರಿಂದ 100 ಸಾಕು. ಹೊಟ್ಟೆಯ ಆಮ್ಲವನ್ನು ತಡೆದುಕೊಂಡು ದಾಟಿಹೋಗುವ ಶಕ್ತಿ ಅದಕ್ಕಿದೆ. ನೂರು ಕೀಟಾಣು ಅಂದರೆ ಎಷ್ಟು? ಕಣ್ಣಿಗೆ ಕಾಣುವುದಿಲ್ಲ, ವಾಸನೆ ಇಲ್ಲ, ಉಗುರಿನ ಸಂದಿಯಲ್ಲಿ ಆರಾಮಾಗಿ ಕೂತಿರುತ್ತದೆ. ಕಕ್ಕಸಿನ ಚಿಲಕದ ಮೇಲೆ, ನಲ್ಲಿಯ ತಿರುಪಿನ ಮೇಲೆ, ಮಗುವಿನ ಆಟದ ಸಾಮಾನಿನ ಮೇಲೆ ಅಷ್ಟು ಇದ್ದರೆ ಮುಗಿಯಿತು.

ಇನ್ನೊಂದು ಮಾತು. ಇದಕ್ಕೆ ದನ, ಕೋಳಿ, ಇಲಿ ಯಾವುದೂ ಬೇಡ. ಕೆಲವು ಮಂಗಗಳನ್ನು ಬಿಟ್ಟರೆ ಶಿಗೆಲ್ಲಾಗೆ ಮನೆ ಅಂತ ಇರುವುದು ಮನುಷ್ಯನ ಕರುಳು ಒಂದೇ. ನನ್ನ ಪ್ಲೇಟಿನ ಮೇಲೆ ಬೆಳೆದ ಒಂದೊಂದು ಚುಕ್ಕಿಯೂ ಇನ್ನೊಬ್ಬ ಮನುಷ್ಯನ ಮಲದಿಂದ ಹೊರಟು ಈ ರೋಗಿಯ ಬಾಯಿಗೆ ಬಂದದ್ದು. ಹೀಗೆ ಬರೆಯುವುದು ಅಸಹ್ಯ ಅನ್ನಿಸಬಹುದು. ಆದರೆ "ಕಲುಷಿತ ಆಹಾರ ಮತ್ತು ನೀರು" ಅಂತ ನಯವಾಗಿ ಬರೆದು ಬರೆದು, ಕಲುಷಿತ ಅಂದರೆ ಏನು ಅನ್ನುವುದೇ ನಮಗೆ ಮರೆತುಹೋಗಿದೆ.

ಕೆಲವು ವರ್ಷಗಳ ಹಿಂದೆ ಒಂದು ಸಮೀಕ್ಷೆಯ ತಂಡದ ಜೊತೆ ನಾನೂ ಮನೆ ಮನೆಗೆ ಹೋಗಿದ್ದೆ. ಸ್ಯಾಂಪಲ್ ತರುವ ಹುಡುಗ ರಜೆಯಲ್ಲಿದ್ದ, ಅದಕ್ಕೇ ನನ್ನ ಪಾಳಿ. ಒಂದು ಕೋಣೆಯ ಮನೆ, ಆರು ಜನ. ಮೂರು ವರ್ಷದ ಮಗುವಿಗೆ ಎರಡು ದಿನದಿಂದ ರಕ್ತ ಬೀಳುತ್ತಿತ್ತು. ಹೊಟ್ಟೆ ನುಲಿಯುತ್ತದೆ, ಕೂತು ತಿಣುಕುತ್ತದೆ, ಬರುವುದು ಒಂದು ಚಮಚ ಲೋಳೆ ಮತ್ತು ರಕ್ತ. ಹತ್ತು ನಿಮಿಷಕ್ಕೆ ಮತ್ತೆ ಅದೇ. ತಾಯಿ ಪ್ರತಿ ಸಲವೂ ಮಗುವನ್ನು ತೊಳೆಯುತ್ತಿದ್ದಳು. ತೊಳೆದ ಕೈಯಲ್ಲೇ ಡ್ರಮ್ಮಿಗೆ ಮಗ್ಗು ಅದ್ದಿ, ಒಂದೇ ಒಂದು ಮಗ್ಗು ನೀರಿನಲ್ಲಿ ಕೈ ಆಡಿಸಿಕೊಳ್ಳುತ್ತಿದ್ದಳು. ಮಗ್ಗಿನ ಹಿಡಿ ಮುರಿದಿತ್ತು. ಹಾಗಾಗಿ ಅದ್ದುವಾಗ ನಾಲ್ಕೂ ಬೆರಳು ನೀರಿನೊಳಗೆ. ಅದೇ ಡ್ರಮ್ಮಿನಿಂದಲೇ ಕುಡಿಯುವುದಕ್ಕೂ ಅಡುಗೆಗೂ ನೀರು.

ಸಾಬೂನು ಇಲ್ವಾ ಅಂತ ನಮ್ಮ ತಂಡದವರೊಬ್ಬರು ಕೇಳಿದರು. ಸಾಬೂನು ಇತ್ತು. ಒಣಗಿ ಬಿರುಕು ಬಿಟ್ಟಿತ್ತು. "ಸಾಬೂನು ಹಚ್ಚಿದರೆ ತೊಳೆಯೋಕೆ ಇನ್ನೂ ಎರಡು ಮಗ್ಗು ನೀರು ಬೇಕಲ್ವಾ, ನಾಳಿದ್ದು ನಲ್ಲಿ ಬರೋವರೆಗೂ ಇದೇ ಡ್ರಮ್ಮು" ಅಂದಳು. ಅವಳ ಲೆಕ್ಕ ಸರಿಯಾಗಿತ್ತು. ಕೈ ತೊಳೆಯುವ ಪಾಠ ಹೇಳಲು ಹೋದ ನಮ್ಮ ಲೆಕ್ಕವೇ ತಪ್ಪಿತ್ತು.

ವಾರದೊಳಗೆ ಅದೇ ಮನೆಯಿಂದ ಇನ್ನೂ ಎರಡು ಸ್ಯಾಂಪಲ್ ಬಂದವು. ಶಿಗೆಲ್ಲಾ ಹರಡುವುದೇ ಹೀಗೆ. ಒಳಗೆ ಹೋದ ಒಂದರಿಂದ ಮೂರು ದಿನದಲ್ಲಿ ಕಾಯಿಲೆ ಕಾಣಿಸಿಕೊಳ್ಳುತ್ತದೆ, ಮೊದಲು ಮಗುವಿಗೆ, ಆಮೇಲೆ ಆರೈಕೆ ಮಾಡಿದವರಿಗೆ. ಭೇದಿ ನಿಂತ ಮೇಲೂ ಒಂದರಿಂದ ನಾಲ್ಕು ವಾರ ಮಲದಲ್ಲಿ ಕೀಟಾಣು ಹೋಗುತ್ತಲೇ ಇರುತ್ತದೆ. ಹುಷಾರಾಯಿತು ಅಂತ ಮಗು ಮತ್ತೆ ಶಿಶುವಿಹಾರಕ್ಕೆ ಹೋಗುತ್ತದೆ, ದೊಡ್ಡವರು ಕೆಲಸಕ್ಕೆ ಹೋಗುತ್ತಾರೆ.

ಕೆಲಸದ ಮಾತು ಬಂತು, ಇಲ್ಲೇ ಹೇಳಿಬಿಡುತ್ತೇನೆ. ಅಡುಗೆ ಮಾಡುವವರು, ಬಡಿಸುವವರು, ಹಸಿ ತರಕಾರಿ ಹೆಚ್ಚುವವರು ರಕ್ತಭೇದಿ ಇದ್ದಾಗ ಕೆಲಸಕ್ಕೆ ಬರಬಾರದು ಅಂತ ಎಲ್ಲ ಕಡೆ ನಿಯಮ ಬರೆದಿಟ್ಟಿದ್ದಾರೆ. ರಜೆ ಹಾಕಿದರೆ ಕೂಲಿ ಇಲ್ಲ ಅನ್ನುವ ನಿಯಮವೂ ಅದರ ಪಕ್ಕದಲ್ಲೇ ಇರುತ್ತದೆ. ಎರಡರಲ್ಲಿ ಯಾವುದು ಗೆಲ್ಲುತ್ತದೆ ಅಂತ ಊಹಿಸಲು ಲ್ಯಾಬು ಬೇಕಾಗಿಲ್ಲ. ಕಾಯಿಲೆಯ ದಿನಗಳಿಗೂ ಸಂಬಳ ಕೊಡುವುದು ನನ್ನ ಮಟ್ಟಿಗೆ ಕಾರ್ಮಿಕ ಇಲಾಖೆಯ ವಿಷಯ ಅಷ್ಟೇ ಅಲ್ಲ, ಸಾಂಕ್ರಾಮಿಕ ರೋಗ ತಡೆಯುವ ಕ್ರಮ.

ನಗರದೊಳಗೆ ಈ ರೋಗ ಎಲ್ಲರ ಮೇಲೂ ಒಂದೇ ಸಮ ಬೀಳುವುದಿಲ್ಲ. ವಯಸ್ಸು ನೋಡಿದರೆ ಒಂದರಿಂದ ಐದು ವರ್ಷದ ಮಕ್ಕಳೇ ಜಾಸ್ತಿ. ಜಾಗ ನೋಡಿದರೆ ಇಕ್ಕಟ್ಟಿನ ಮನೆಗಳು, ಹತ್ತಾರು ಕುಟುಂಬಕ್ಕೆ ಒಂದೇ ಕಕ್ಕಸು ಇರುವ ಕಡೆ, ಶಿಶುವಿಹಾರ, ಜೈಲು, ಆಶ್ರಯಧಾಮ. ಬೀದಿಯಲ್ಲಿ ಮಲಗುವವರು. ಗಂಡಸರ ನಡುವಿನ ಲೈಂಗಿಕ ಸಂಪರ್ಕದಲ್ಲೂ ಇದು ಹರಡುತ್ತದೆ. ಶ್ರೀಮಂತ ದೇಶಗಳ ದೊಡ್ಡ ನಗರಗಳಲ್ಲಿ ಈಗ ಮುಖ್ಯ ಕೊಂಡಿಗಳಲ್ಲಿ ಅದೂ ಒಂದು. ಇದನ್ನು ಪಿಸುಮಾತಿನಲ್ಲಿ ಹೇಳಿದರೆ ಅವರು ಡಾಕ್ಟರ ಹತ್ತಿರ ಬರುವುದೇ ಇಲ್ಲ, ಅಷ್ಟೇ ಆಗುವುದು.

ನಗರ ಸಿರಿವಂತವಾದರೆ ರಕ್ತಭೇದಿ ತಾನಾಗಿ ಹೋಗುತ್ತದೆ ಅಂತ ನಂಬಿದವರಿಗೆ ಒಂದು ಸಂಗತಿ. ನೀರು, ನೈರ್ಮಲ್ಯ ಸರಿ ಇಲ್ಲದ ಕಡೆ ಫ್ಲೆಕ್ಸ್‌ನರಿ ಆಳುತ್ತದೆ. ಊರು ಬೆಳೆದು, ನೀರು ಶುದ್ಧವಾದಂತೆ ಅದು ಹಿಂದೆ ಸರಿಯುತ್ತದೆ, ಅದರ ಜಾಗಕ್ಕೆ ಸೊನ್ನೈ ಬರುತ್ತದೆ. ಏಷ್ಯಾ, ಲ್ಯಾಟಿನ್ ಅಮೆರಿಕಾದ ಹಲವು ದೇಶಗಳಲ್ಲಿ ಈ ಬದಲಾವಣೆ ಕಣ್ಣೆದುರೇ ನಡೆದಿದೆ. ಸೊನ್ನೈ ಸ್ವಲ್ಪ ಮೆದು, ಆದರೆ ಕೈಯಿಂದ ಕೈಗೆ ದಾಟುವುದರಲ್ಲಿ ಭಾರಿ ಚುರುಕು. ಇದು ಯಾಕೆ ಹೀಗೆ ಅನ್ನುವುದಕ್ಕೆ ಒಂದು ಸೊಗಸಾದ ಊಹೆ ಇದೆ. ಕೊಳಕು ನೀರಿನಲ್ಲಿ ಇರುವ ಪ್ಲೆಸಿಯೊಮೊನಾಸ್ ಅನ್ನುವ ಬೇರೊಂದು ಬ್ಯಾಕ್ಟೀರಿಯಾದ ಒಂದು ತಳಿಯ ಹೊರಕವಚ ಸೊನ್ನೈಯದರಂತೆಯೇ ಇದೆ. ಆ ನೀರು ಕುಡಿದು ಬೆಳೆದವರಿಗೆ ಸೊನ್ನೈ ವಿರುದ್ಧವೂ ಸ್ವಲ್ಪ ರಕ್ಷಣೆ ಸಿಗುತ್ತಿತ್ತು, ನೀರು ಶುದ್ಧವಾದಾಗ ಅದು ಹೋಯಿತು ಅಂತ. ಊಹೆ ನಿಜವೋ ಅಲ್ಲವೋ, ನನ್ನ ವಾದಕ್ಕೆ ಬೇಕಾದದ್ದು ಇಷ್ಟು: ಕುಡಿಯುವ ನೀರು ಶುದ್ಧವಾದ ಮೇಲೂ ರಕ್ತಭೇದಿ ಉಳಿದುಕೊಂಡಿತು. ಕೈ ಹಿಡಿದು ಉಳಿದುಕೊಂಡಿತು.

ಅಮೆರಿಕಾದ ಫ್ಲಿಂಟ್ ನಗರದ ಕಥೆ ನಿಮಗೆ ಗೊತ್ತಿರುತ್ತದೆ. 2014ರಲ್ಲಿ ನೀರಿನ ಮೂಲ ಬದಲಿಸಿದರು. ಹಳೇ ಪೈಪುಗಳಿಂದ ಸೀಸ ನೀರಿಗೆ ಬಿಟ್ಟುಕೊಂಡಿತು. ಅದು ಎಲ್ಲ ಪತ್ರಿಕೆಯಲ್ಲೂ ಬಂತು. ಅಷ್ಟಾಗಿ ಸುದ್ದಿಯಾಗದ್ದು ಏನೆಂದರೆ, 2016ರಲ್ಲಿ ಆ ಭಾಗದಲ್ಲಿ ಶಿಗೆಲ್ಲಾ ಪ್ರಕರಣಗಳು ಏರಿದವು. ನಲ್ಲಿಯ ನೀರಿಗೆ ಹೆದರಿ ಜನ ಕೈ ತೊಳೆಯುವುದು, ಸ್ನಾನ ಮಾಡುವುದು ಕಡಿಮೆ ಮಾಡಿದ್ದೇ ಇದಕ್ಕೆ ಒಂದು ಕಾರಣ ಇರಬೇಕು ಅಂತ ಅಲ್ಲಿಯ ಆರೋಗ್ಯಾಧಿಕಾರಿಗಳು ಅಂದುಕೊಂಡರು. ಕುಡಿಯುವುದಕ್ಕೆ ಬಾಟಲಿ ನೀರು ಇತ್ತು. ಕೈಗೆ ನೀರು ಇರಲಿಲ್ಲ. ನೀರಿನ ಬಗ್ಗೆ ಹೆದರಿಸುವ ಪ್ರಕಟಣೆ ಹೊರಡಿಸುವ ಮುಂಚೆ ಈ ಊರನ್ನು ಒಮ್ಮೆ ನೆನೆಸಿಕೊಳ್ಳಿ.

ಕೈ ತೊಳೆದರೆ ಏನಾಗುತ್ತದೆ ಅನ್ನುವುದಕ್ಕೆ ಸಾಕ್ಷಿ ಹುಡುಕಿಕೊಂಡು ಹೋಗಬೇಕಾಗಿಲ್ಲ. ಢಾಕಾದಲ್ಲಿ ಶಿಗೆಲ್ಲಾ ರೋಗಿಗಳಿದ್ದ ಮನೆಗಳಿಗೆ ಸಾಬೂನು ಮತ್ತು ನೀರು ತುಂಬಿಡಲು ಹೂಜಿ ಕೊಟ್ಟು ನೋಡಿದರು. ಮನೆಯ ಉಳಿದವರಿಗೆ ಹರಡುವುದು ಗಣನೀಯವಾಗಿ ಇಳಿಯಿತು. 1982ರಲ್ಲಿ ಪ್ರಕಟವಾದ ಅಧ್ಯಯನ ಅದು. ಸಾಬೂನಿನ ಜೊತೆ ಹೂಜಿಯನ್ನೂ ಕೊಟ್ಟರು ನೋಡಿ, ಆ ಬುದ್ಧಿ ನನಗೆ ಇಷ್ಟ. ಆಮೇಲೆ ಕರಾಚಿಯ ಬಡ ಬಡಾವಣೆಗಳಲ್ಲಿ ನಡೆದ, 2005ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸಾಬೂನು ಕೊಟ್ಟು ಕೈ ತೊಳೆಯುವುದನ್ನು ರೂಢಿ ಮಾಡಿಸಿದಾಗ ಹದಿನೈದು ವರ್ಷದೊಳಗಿನ ಮಕ್ಕಳ ಭೇದಿ ಸುಮಾರು ಅರ್ಧಕ್ಕೆ ಇಳಿಯಿತು. ಆಂಟಿಬ್ಯಾಕ್ಟೀರಿಯಲ್ ಸಾಬೂನಿಗೂ ಮಾಮೂಲಿ ಸಾಬೂನಿಗೂ ವ್ಯತ್ಯಾಸವೇ ಕಾಣಲಿಲ್ಲ. ಜಾಹೀರಾತಿನವರು ಇದನ್ನು ಹೇಳುವುದಿಲ್ಲ.

ನೊಣದ ಬಗ್ಗೆಯೂ ಎರಡು ಸಾಲು. ಕಡಿಮೆ ಕೀಟಾಣುವಿನಿಂದಲೇ ಹತ್ತುವ ರೋಗವಾದ್ದರಿಂದ ನೊಣದ ಕಾಲಿಗೆ ಅಂಟಿದ್ದೂ ಸಾಕಾಗುತ್ತದೆ. 1988ರಲ್ಲಿ ಇಸ್ರೇಲಿನ ಸೇನಾ ಶಿಬಿರಗಳಲ್ಲಿ ನೊಣಕ್ಕೆ ಬೋನು ಇಟ್ಟು ನಿಯಂತ್ರಿಸಿದಾಗ, ಶಿಗೆಲ್ಲಾದಿಂದ ಚಿಕಿತ್ಸೆಗೆ ಬರುವವರ ಸಂಖ್ಯೆ 85% ಇಳಿಯಿತು. ಕಸ ಎತ್ತದೆ ಬಿಟ್ಟ ಮೂಲೆಗಳೂ ತುಂಬಿ ಹರಿಯುವ ಚರಂಡಿಗಳೂ ರಕ್ತಭೇದಿಯ ಲೆಕ್ಕದಲ್ಲೇ ಬರುತ್ತವೆ.

ಇಂಜಿನಿಯರ್ ಸಾಹೇಬರೇ, ಈಗ ನಿಮ್ಮ ಪೈಪಿನ ವಿಷಯ. ಶಿಗೆಲ್ಲಾ ಕ್ಲೋರಿನ್ ಮುಂದೆ ನಿಲ್ಲುವ ಕೀಟಾಣು ಅಲ್ಲ. ಶುದ್ಧೀಕರಣ ಘಟಕದಿಂದ ಹೊರಡುವ ನೀರು ಚೆನ್ನಾಗಿಯೇ ಇರುತ್ತದೆ, ನಿಮ್ಮ ವರದಿ ಸುಳ್ಳಲ್ಲ. ತೊಂದರೆ ದಾರಿಯಲ್ಲಿ. ದಿನಕ್ಕೆ ಒಂದೆರಡು ಗಂಟೆ ನೀರು ಬಿಟ್ಟು ನಿಲ್ಲಿಸಿದಾಗ ಪೈಪಿನೊಳಗೆ ಒತ್ತಡ ಇಳಿಯುತ್ತದೆ. ಬಿರುಕು, ಸಡಿಲ ಜೋಡಣೆ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಪೈಪು ಹೊರಗಿನದನ್ನು ಒಳಗೆ ಹೀರುತ್ತದೆ. ಪಕ್ಕದಲ್ಲೇ ಒಳಚರಂಡಿ ಹೋಗಿದ್ದರೆ ಹೀರುವುದು ಅದನ್ನೇ. ಮತ್ತೆ ನೀರು ಬಿಟ್ಟಾಗ ಮೊದಲು ಹೊರಬರುವ ನೀರಿನಲ್ಲಿ ಅದೆಲ್ಲ ಇರುತ್ತದೆ. ಜನ ಮನೆಯಲ್ಲಿ ಪಂಪು ಹಾಕಿ ಎಳೆದರಂತೂ ಕೇಳಲೇಬೇಡಿ. ನಲ್ಲಿಯ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕು ಅನ್ನುವುದು ಎಲ್ಲರೂ ಒಪ್ಪಿದ ಮಾತು. ಅಳೆಯುವಾಗ ಮಾತ್ರ ಘಟಕದ ಹತ್ತಿರದ ನಲ್ಲಿಯನ್ನೇ ಅಳೆಯುತ್ತಾರೆ, ಅಲ್ವಾ? ಕೊನೆಯ ಓಣಿಯ ಕೊನೆಯ ನಲ್ಲಿಯಲ್ಲಿ, ನೀರು ಬಂದ ಮೊದಲ ಐದು ನಿಮಿಷದಲ್ಲಿ ಅಳೆಯಿರಿ.

ನೀರು ಬಿಟ್ಟುಬಿಟ್ಟು ಬಂದರೆ ಹೀಗೆ ಎರಡು ಕಡೆಯಿಂದ ಪೆಟ್ಟು. ಬಂದ ನೀರು ಕೆಟ್ಟಿರುತ್ತದೆ. ಬಾರದ ದಿನ ಕೈ ತೊಳೆಯುವುದು ನಿಲ್ಲುತ್ತದೆ. ಪ್ರಕಟಣೆಯಲ್ಲಿ ನೀವು ಮಾತಾಡುವುದು ಮೊದಲನೆಯದರ ಬಗ್ಗೆ ಮಾತ್ರ. ಕುದಿಸುವ ಖರ್ಚೂ ಮನೆಯವರದ್ದೇ.

ಇನ್ನು ನಮ್ಮ ಕಡೆಯ ತಪ್ಪು. ವೈದ್ಯರು, ಲ್ಯಾಬಿನವರು ಸಾಚಾ ಅಂತ ನಾನು ಹೇಳಿಕೊಳ್ಳುವುದಿಲ್ಲ.

ಮಲದಲ್ಲಿ ರಕ್ತ ಅಂದ ಕೂಡಲೇ ಅಮೀಬಾ ಅನ್ನುವ ಬೇರೊಂದು ಸೂಕ್ಷ್ಮಜೀವಿಯದೇ ಕೆಲಸ ಅಂತ ತೀರ್ಮಾನ ಮಾಡಿ ಮೆಟ್ರೊನಿಡಜೋಲ್ ಬರೆಯುವ ಅಭ್ಯಾಸ ಬಹಳ ಹಳೆಯದು. ಆ ಮಾತ್ರೆ ಶಿಗೆಲ್ಲಾವನ್ನು ಮುಟ್ಟುವುದಿಲ್ಲ. ಮಕ್ಕಳ ರಕ್ತಭೇದಿಯಲ್ಲಿ ಅಮೀಬಾಗಿಂತ ಶಿಗೆಲ್ಲಾ ಎಷ್ಟೋ ಪಾಲು ಜಾಸ್ತಿ. 1969ರಲ್ಲಿ ಗ್ವಾಟೆಮಾಲಾದಲ್ಲಿ ದೊಡ್ಡ ಪಿಡುಗು ಶುರುವಾದಾಗ ಇದೇ ತಪ್ಪಾಯಿತು. ರೋಗಿಗಳ ಮಲದಲ್ಲಿ ಅಮೀಬಾ ಕಂಡಿತು, ಅಮೀಬಾ ಅಂತಲೇ ಮದ್ದು ಕೊಟ್ಟರು. ನಿಜವಾದ ಕೊಲೆಗಾರ ಶಿಗಾ ಕಂಡುಹಿಡಿದ ಆ ಕ್ರೂರ ಬಗೆ. ಅದು ಗೊತ್ತಾಗುವಷ್ಟರಲ್ಲಿ ಬಹಳ ತಡವಾಗಿತ್ತು. ಮಧ್ಯ ಅಮೆರಿಕಾದಲ್ಲಿ ಸಾವಿರಾರು ಜನ ಸತ್ತರು. ಆ ಕೀಟಾಣು ಆಗಿನ ನಾಲ್ಕು ಮುಖ್ಯ ಔಷಧಿಗಳಿಗೂ ಬಗ್ಗುತ್ತಿರಲಿಲ್ಲ.

ಔಷಧಿಗೆ ಬಗ್ಗದಿರುವುದು ಶಿಗೆಲ್ಲಾದ ಹುಟ್ಟುಗುಣ ಅನ್ನುವಷ್ಟಾಗಿದೆ. ಒಂದು ಬ್ಯಾಕ್ಟೀರಿಯಾ ಇನ್ನೊಂದಕ್ಕೆ ಔಷಧ ನಿರೋಧಕ ಶಕ್ತಿಯನ್ನು ದಾಟಿಸಬಲ್ಲದು ಅನ್ನುವುದು ಜಗತ್ತಿಗೆ ಗೊತ್ತಾದದ್ದೇ 1950ರ ದಶಕದಲ್ಲಿ ಜಪಾನಿನಲ್ಲಿ ರಕ್ತಭೇದಿಯನ್ನು ಅಭ್ಯಾಸ ಮಾಡುವಾಗ. ಸಲ್ಫಾ ಹೋಯಿತು, ಟೆಟ್ರಾಸೈಕ್ಲಿನ್ ಹೋಯಿತು, ಆಂಪಿಸಿಲಿನ್ ಹೋಯಿತು, ನಾಲಿಡಿಕ್ಸಿಕ್ ಆಸಿಡ್ ಹೋಯಿತು. 2005ರ ಮಾರ್ಗಸೂಚಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಿಪ್ರೊಫ್ಲಾಕ್ಸಸಿನ್ ಮೊದಲು ಕೊಡಿ ಅಂದಿತು. 2024ರ ಪಟ್ಟಿಯಲ್ಲಿ ಅದೇ ಗುಂಪಿನ ಔಷಧಿಗಳಿಗೆ ಬಗ್ಗದ ಶಿಗೆಲ್ಲಾವನ್ನು ಹೆಚ್ಚಿನ ಆದ್ಯತೆಯ ಶತ್ರುಗಳ ಸಾಲಿಗೆ ಸೇರಿಸಿದೆ. ಅಮೆರಿಕಾದಲ್ಲಿ, ಬಾಯಿಯಿಂದ ಕೊಡುವ ಮುಖ್ಯ ಔಷಧಿ ಯಾವುದಕ್ಕೂ ಜಗ್ಗದ ಶಿಗೆಲ್ಲಾ 2015ರಲ್ಲಿ ಸೊನ್ನೆ ಇದ್ದದ್ದು 2022ಕ್ಕೆ 5% ಆಯಿತು. ಎಲ್ಲೆಡೆ ಬಳಕೆಗೆ ಬಂದ ಲಸಿಕೆ ಇನ್ನೂ ಇಲ್ಲ.

ಆದ್ದರಿಂದ ಯಾವ ಔಷಧಿ ನಿಮ್ಮ ನಗರದಲ್ಲಿ ಕೆಲಸ ಮಾಡುತ್ತದೆ ಅಂತ ಹೇಳಲು ಕಲ್ಚರ್ ಮಾಡಲೇಬೇಕು, ಅಂದರೆ ಕೀಟಾಣುವನ್ನು ಪ್ಲೇಟಿನಲ್ಲಿ ಬೆಳೆಸಿ ನೋಡಬೇಕು. ಕಲ್ಚರ್ ಮಾಡಲು ಸ್ಯಾಂಪಲ್ ಜೀವಂತವಾಗಿ ಬರಬೇಕು. ಸ್ಯಾಂಪಲ್ಲಿನಲ್ಲಿ ಶಿಗೆಲ್ಲಾ ಬಲು ನಾಜೂಕು. ಡಬ್ಬಿಯಲ್ಲಿ ತುಂಬಿಟ್ಟ ಮಲದಲ್ಲಿ ಗಂಟೆಗಳಲ್ಲೇ ಸಾಯುತ್ತದೆ. ಎರಡು ಗಂಟೆಯೊಳಗೆ ಲ್ಯಾಬಿಗೆ ತಲುಪಿಸಬೇಕು. ಇಲ್ಲವೇ ಕೀಟಾಣುವನ್ನು ಜೀವಂತ ಇಡುವ ಕ್ಯಾರಿ ಬ್ಲೇರ್ ಮಾಧ್ಯಮದ ಟ್ಯೂಬಿನಲ್ಲಿ ಹಾಕಿ ತಣ್ಣಗಿಟ್ಟು ಕಳಿಸಬೇಕು. ನಮ್ಮಲ್ಲಿಗೆ ಬರುವ ಡಬ್ಬಿಗಳು ಬೆಳಿಗ್ಗೆ ತುಂಬಿದ್ದು, ಮಧ್ಯಾಹ್ನವೆಲ್ಲ ಮೇಜಿನ ಮೇಲೆ ಕೂತು, ಸಂಜೆ ಬರುತ್ತವೆ. ಎರಡು ಡೋಸ್ ಆಂಟಿಬಯೋಟಿಕ್ ಕೊಟ್ಟಾದ ಮೇಲೆ ತೆಗೆದ ಸ್ಯಾಂಪಲ್ಲೂ ಬಹಳ. ನಾನು "ಏನೂ ಬೆಳೆದಿಲ್ಲ" ಅಂತ ಬರೆಯುತ್ತೇನೆ. ನಿಮ್ಮ ಕೋಷ್ಟಕದಲ್ಲಿ ಅದು "ಶಿಗೆಲ್ಲಾ ಇಲ್ಲ" ಅಂತ ಆಗುತ್ತದೆ. ಈ ಎರಡು ಮಾತು ಒಂದೇ ಅಲ್ಲ.

ಇದು ನನ್ನೊಬ್ಬಳ ಗೊಣಗಾಟ ಅಂದುಕೊಳ್ಳಬೇಡಿ. ಏಷ್ಯಾ ಮತ್ತು ಆಫ್ರಿಕಾದ ಏಳು ಕಡೆ ಮಕ್ಕಳ ಭೇದಿಯ ಬಗ್ಗೆ ನಡೆದ ದೊಡ್ಡ ಅಧ್ಯಯನದ ಸ್ಯಾಂಪಲ್‌ಗಳನ್ನು ಆಮೇಲೆ ಕೀಟಾಣುವಿನ ಡಿಎನ್‌ಎ ಹುಡುಕುವ ಪಿಸಿಆರ್ ತರಹದ ವಿಧಾನದಲ್ಲಿ ಮತ್ತೆ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದರು. ಕಲ್ಚರಿನಲ್ಲಿ ಸಿಕ್ಕಿದ್ದರ ಸುಮಾರು ಎರಡರಷ್ಟು ಶಿಗೆಲ್ಲಾ ಸಿಕ್ಕಿತು. ಹಾಗೆ ಸಿಕ್ಕವರಲ್ಲಿ ಎಷ್ಟೋ ಮಕ್ಕಳಿಗೆ ರಕ್ತವೇ ಬಿದ್ದಿರಲಿಲ್ಲ, ಬರೀ ನೀರು ಭೇದಿ. ಅಂದರೆ "ರಕ್ತಭೇದಿ" ಅನ್ನುವ ಅಂಕಣದಲ್ಲಿ ನೀವು ಎಣಿಸುವುದು ಈ ರೋಗದ ಒಂದು ತುಂಡು ಮಾತ್ರ. 2016ರ ಜಾಗತಿಕ ಅಂದಾಜಿನಲ್ಲಿ ಆ ಒಂದು ವರ್ಷಕ್ಕೆ ಶಿಗೆಲ್ಲಾದ ಸಾವು ಸುಮಾರು 2,12,000. ಅದರಲ್ಲಿ 60,000ಕ್ಕೂ ಜಾಸ್ತಿ ಐದು ವರ್ಷದೊಳಗಿನ ಮಕ್ಕಳು.

ಪತ್ರ ಓದುವ ತಂದೆ ತಾಯಿಯರೂ ಇರಬಹುದು, ಅವರಿಗೊಂದು ಮಾತು. ಮಗುವಿಗೆ ಭೇದಿಯಲ್ಲಿ ರಕ್ತ ಕಂಡರೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ. ಓಆರ್‌ಎಸ್ ಕುಡಿಸುತ್ತಾ ಇರಿ, ಊಟ ನಿಲ್ಲಿಸಬೇಡಿ. ಡಾಕ್ಟರು ಜಿಂಕ್ ಬರೆದುಕೊಟ್ಟರೆ ಭೇದಿ ನಿಂತ ಮೇಲೂ ಹೇಳಿದಷ್ಟು ದಿನ ಪೂರ್ತಿ ಕೊಡಿ. ಭೇದಿ ಕಟ್ಟುವ ಮಾತ್ರೆ ಮಾತ್ರ ಕೊಡಬೇಡಿ. ಕರುಳಿನ ಚಲನೆ ನಿಂತರೆ ಕೀಟಾಣು ಒಳಗೇ ಉಳಿದು ಇನ್ನಷ್ಟು ಹಾನಿ ಮಾಡುತ್ತದೆ. ಕಳೆದ ಸಲ ಉಳಿದ ಆಂಟಿಬಯೋಟಿಕ್ಕನ್ನು ಸುಮ್ನೆ ಕೊಟ್ಟು ನೋಡೋಣ ಅನ್ನುವುದೂ ಬೇಡ.

ಅಧಿಕಾರಿಗಳೇ, ನಿಮ್ಮಿಂದ ನಾನು ಕೇಳುವುದು ಹೊಸ ಕಟ್ಟಡ ಅಲ್ಲ, ಹೊಸ ಯೋಜನೆಯೂ ಅಲ್ಲ. ಆರೋಗ್ಯ ಇಲಾಖೆಯಲ್ಲಿ ವಾರ್ಡುವಾರು ಭೇದಿ ಪ್ರಕರಣದ ಪಟ್ಟಿ ಇದೆ. ನೀರಿನ ಕಚೇರಿಯಲ್ಲಿ ಯಾವ ವಾರ್ಡಿಗೆ ಯಾವ ದಿನ ಎಷ್ಟು ಹೊತ್ತು ನೀರು ಬಿಟ್ಟರು ಅನ್ನುವ ಪುಸ್ತಕ ಇದೆ. ಒಳಚರಂಡಿ ಕಟ್ಟಿಕೊಂಡ ದೂರುಗಳು ಮೂರನೇ ಕಡೆ ಇವೆ. ಈ ಮೂರನ್ನೂ ಒಂದೇ ನಕ್ಷೆಯ ಮೇಲೆ ಹಾಕಿ. ನೀರು ಬಾರದ ದಿನದಿಂದ ಎಣಿಸಿ, ನಾಲ್ಕೈದು ದಿನದಲ್ಲಿ ಎಲ್ಲಿ ಪ್ರಕರಣ ಏರಿತು ಅಂತ ನೋಡಿ. ಏರಿದ ಕಡೆ ಕರಪತ್ರ ಹಂಚುವ ಮುಂಚೆ ನೀರಿನ ಟ್ಯಾಂಕರ್ ಕಳಿಸಿ. ಅದರ ಜೊತೆ ನಲ್ಲಿ ಇರುವ ಮುಚ್ಚಿದ ಡ್ರಮ್ಮು ಕಳಿಸಿ, ಸಾಬೂನು ಕಳಿಸಿ. ಸಾರ್ವಜನಿಕ ಕಕ್ಕಸುಗಳಲ್ಲಿ ಒಳಗೆ ಎಷ್ಟು ನಲ್ಲಿ ಇವೆಯೋ ನೋಡಬೇಡಿ, ಹೊರಗೆ ಕೈ ತೊಳೆಯುವ ನಲ್ಲಿಯಲ್ಲಿ ನೀರು ಬರುತ್ತಿದೆಯೋ ತಿರುಗಿಸಿ ನೋಡಿ.

ಆ ಒಂದು ಕೋಣೆಯ ಮನೆಯವಳನ್ನು ನಾನು ಮತ್ತೆ ನೋಡಿದ್ದು ಆಸ್ಪತ್ರೆಯ ಕಾರಿಡಾರಿನಲ್ಲಿ, ಎರಡನೇ ಮಗುವಿನ ಸ್ಯಾಂಪಲ್ ಕೊಡಲು ಬಂದಾಗ. ಡಬ್ಬಿ ನನ್ನ ಕೈಗೆ ಕೊಟ್ಟು, ಗೋಡೆಯ ಪಕ್ಕದ ಬೇಸಿನ್ನಿಗೆ ಹೋಗಿ ಕೈಗೆ ಸಾಬೂನು ಹಚ್ಚಿ, ಮೊಣಕೈವರೆಗೂ ತೊಳೆದಳು. ಬಹಳ ಹೊತ್ತು ತೊಳೆದಳು. ಹಿಂದೆ ಸಾಲು ನಿಂತವರು ಗೊಣಗಿದರೂ ನಲ್ಲಿ ನಿಲ್ಲಿಸಲಿಲ್ಲ.

ಕ್ಯಾರಿ ಬ್ಲೇರ್ ಟ್ಯೂಬುಗಳನ್ನು ಕಳಿಸಿದರೆ ಮಾರನೇ ದಿನದಿಂದಲೇ ನಾವು ಸ್ಯಾಂಪಲ್ ತೆಗೆದುಕೊಳ್ಳಲು ಸಿದ್ಧ.

ಇಂತಿ,
ಲ್ಯಾಬಿನಲ್ಲಿ ಪ್ಲೇಟು ನೋಡುವ ಒಬ್ಬಳು